ಈರುಳ್ಳಿ ಸಿಪ್ಪೆ ಬಣ್ಣದ ಸೀರೆ

ಪಾಸ್‌ಪೋರ್ಟ್ ಫೋಟೊಗೆ ಕೂರಿಸಿದರೆ ಮಳವಳ್ಳಿ ತಾಲ್ಲೂಕಿನ ಯಾವ ಗಂಡಸಿನ ಕತ್ತೂ ನೆಟ್ಟಗೆ ನಿಲ್ಲುವುದಿಲ್ಲ. ಬಸ್ ಸ್ಟ್ಯಾಂಡಿನ ಎದುರು ಮಹಡಿಯ ಮೇಲೆ ಮೂವತ್ತು ವರ್ಷದಿಂದ ಸ್ಟುಡಿಯೋ ನಡೆಸುತ್ತಿರುವ ನಯಾಜ್ ಪಾಷಾ ಅವರ ಅಭಿಪ್ರಾಯ ಇದು. ಆ ಭಾನುವಾರ ಬೆಳಿಗ್ಗೆ ಅವರು ಅಂಥದೇ ಒಂದು ಕತ್ತನ್ನು ಎರಡು ಬೆರಳಲ್ಲಿ ಹಿಡಿದು ಸರಿ ಮಾಡುತ್ತಿದ್ದಾಗ ಒಬ್ಬ ಹುಡುಗಿ ಮುದುಕಿಯೊಬ್ಬಳನ್ನು ಕೈ ಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಬಂದಳು. ಮುದುಕಿಯ ಕಂಕುಳಲ್ಲಿ ಬಟ್ಟೆ ಅಂಗಡಿಯ ಹಳೇ ಚೀಲವಿತ್ತು. ಕತ್ತು ಮತ್ತೆ ವಾಲುವಷ್ಟರಲ್ಲಿ ಪಾಷಾ ಫೋಟೊ ಹೊಡೆದು ಗಿರಾಕಿಯನ್ನು ಕಳಿಸಿ ಇವರ ಕಡೆ ತಿರುಗಿದರು.

ಹುಡುಗಿಯ ಹೆಸರು ಚಂದನ. ಊರು ಬೆಳಕವಾಡಿ, ಓದುತ್ತಿರುವುದು ಮಂಡ್ಯದಲ್ಲಿ ನರ್ಸಿಂಗ್. ಮುದುಕಿ ಅವಳ ಅವ್ವನ ಅವ್ವ, ಅಂಕಮ್ಮ.

"ನಮ್ಮವ್ವಂದು ಒಂದು ಫೋಟೊ ಬೇಕಿತ್ತು ಸರ್" ಎಂದಳು ಚಂದನ. "ಒಂದೇ ಒಂದು. ಮುಖ ಕಾಣೋ ಅಂಥದ್ದು."

ಫೋಟೊದ ಅಂಗಡಿಗೆ ಇಂಥವರು ಬರುತ್ತಲೇ ಇರುತ್ತಾರೆ. ಯಾರೋ ತೀರಿಕೊಂಡ ಮಾರನೇ ದಿನ ಮನೆಯವರಿಗೆ ಫೋಟೊದ ನೆನಪಾಗುತ್ತದೆ. ಪಾಷಾ ಸ್ಟೂಲು ಎಳೆದು ಕೂರಿಸಿ, ಯಾವಾಗ ಹೋದರು ಎಂದು ಕೇಳಿದರು. ಹದಿನಾರು ವರ್ಷವಾಯಿತು ಎಂದಳು ಚಂದನ.

ಹುಡುಗಿ ಹೇಳಿದ್ದು ಇಷ್ಟು. ಅವಳು ಹೊಟ್ಟೆಯಲ್ಲಿರುವಾಗಲೇ ಅಪ್ಪ ಮದ್ದೂರಿನ ಹತ್ತಿರ ಲಾರಿಗೆ ಸಿಕ್ಕಿ ತೀರಿಹೋಗಿದ್ದ. ಬಸುರಿ ಹೆಂಡತಿ ಜಯಶೀಲ ಬೆಸಗರಹಳ್ಳಿಯ ಗಂಡನ ಮನೆ ಬಿಟ್ಟು ತವರಿಗೆ ಬಂದಳು. ಚಂದನಳಿಗೆ ಮೂರು ತುಂಬಿದ ವರ್ಷ ಗದ್ದೆಯಲ್ಲಿ ಹಾವು ಕಚ್ಚಿ ಜಯಶೀಲಳೂ ಹೋದಳು. ಮದುವೆಯ ಆಲ್ಬಂ ಬೆಸಗರಹಳ್ಳಿಯಲ್ಲೇ ಉಳಿದಿತ್ತು. ದೊಡ್ಡವಳಾದ ಮೇಲೆ ಚಂದನ ಹೋಗಿ ಕೇಳಿದರೆ ಗೆದ್ದಲು ತಿಂದು ಉಳಿದ ರಟ್ಟು ತೋರಿಸಿದರು. ವೋಟಿನ ಕಾರ್ಡು ಮಳೆಯಲ್ಲಿ ನೆನೆದು ಮುಖವಿದ್ದ ಜಾಗ ಬಿಳಿಚಿಕೊಂಡಿತ್ತು. ಅವ್ವ ಹೇಗಿದ್ದಳು ಎಂದು ಸೋದರಮಾವ ಸ್ವಾಮಿಯನ್ನು ಕೇಳಿದರೆ, ಮೂಗು ಹೇಗಿತ್ತು ಅಂದರೆ ಮೂಗಿದ್ದಂಗಿತ್ತು ಅನ್ನುವ ಮನುಷ್ಯ ಅವನು. ಹೀಗೆ ಹತ್ತೊಂಬತ್ತು ವರ್ಷದ ಈ ಹುಡುಗಿಗೆ ತನ್ನ ಹೆತ್ತವ್ವನ ಮುಖ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದು ಸೀರೆ.

ಅಂಕಮ್ಮ ಚೀಲದಿಂದ ಆ ಸೀರೆಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಈರುಳ್ಳಿ ಸಿಪ್ಪೆಯ ಬಣ್ಣ, ಅಂಚಿಗೆ ಕಪ್ಪು ದಾರದ ಕೋಟೆ ಸಾಲು. ಸತ್ತವರ ಬಟ್ಟೆಯನ್ನು ಮನೆಯಲ್ಲಿ ಉಳಿಸಿಕೊಳ್ಳುವುದಿಲ್ಲ. ಜಯಶೀಲಳ ಬಟ್ಟೆಯೆಲ್ಲ ಅವಳ ಹಿಂದೆಯೇ ಹೋಯಿತು. ಇದೊಂದು ಮಾತ್ರ ಆ ದಿನ ತೊಲೆಗೆ ಜೋಲಿಯಾಗಿ ಕಟ್ಟಿತ್ತು, ಮೂರು ತುಂಬಿದರೂ ಜೋಲಿ ಬಿಡದ ಮಗು ಅದರಲ್ಲಿ ಮಲಗಿತ್ತು, ಬಿಚ್ಚಲು ಯಾರಿಗೂ ತೋಚಲಿಲ್ಲ. ಅಂದಿನಿಂದ ಪ್ರತಿ ಮಾರ್ನಮಿ ಹಬ್ಬಕ್ಕೆ ಹಿರಿಯರಿಗೆ ಎಡೆ ಇಡುವಾಗ ಅಜ್ಜ ತಿಮ್ಮಯ್ಯನ ಫೋಟೊ, ಅಪ್ಪನ ಫೋಟೊ, ಪಕ್ಕದಲ್ಲಿ ಅವ್ವನ ಬದಲು ಮಡಿಸಿದ ಈ ಸೀರೆ. ಇಷ್ಟು ವರ್ಷ ಚಂದನ ಸೀರೆಗೇ ಕೈ ಮುಗಿದಿದ್ದಳು. ಈ ವರ್ಷ ಅಂಕಮ್ಮನ ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದಕ್ಕೂ ಪೊರೆ ಬಂತು. ಅವ್ವನ ಮುಖವನ್ನು ಕಂಡು ಇವಳೇ ಅವಳು ಎಂದು ಹೇಳಬಲ್ಲ, ನೆಚ್ಚಬಹುದಾದ ಕಣ್ಣು ಅದೊಂದೇ. ಹಬ್ಬಕ್ಕೆ ಇನ್ನು ಹನ್ನೆರಡು ದಿನವಿತ್ತು.

"ನಮ್ ಸ್ವಾಮಿ ಮದ್ವೇಲಿ ನೀವೇ ಅಲ್ವಾ ಪೋಟ ತಗದಿದ್ದು" ಎಂದಳು ಅಂಕಮ್ಮ. "ಆಲ್ಬಮ್ಮಲ್ಲಿ ಅವ್ಳಿಲ್ಲ. ಆಲ್ಬಮ್ಮಿಗೆ ಆಕದೆ ಬುಟ್ಟಿರೋವು ಇರ್ತವಲ್ಲ, ಅದ್ರಲ್ಲಿ ಇರ್ತಾಳೆ, ನೋಡಿ."

ಮುದುಕಿ ಹೇಳಿದ್ದು ಸರಿ. ಒಂದು ಮದುವೆಗೆ ಸಾವಿರ ಫೋಟೊ ತೆಗೆದರೆ ಆಲ್ಬಮ್ಮಿಗೆ ಹೋಗುವುದು ಇನ್ನೂರು. ಉಳಿದದ್ದನ್ನು ಅಳಿಸದೆ ಇಟ್ಟುಕೊಳ್ಳುವುದು ಪಾಷಾ ಅವರ ಪದ್ಧತಿ. ಆದರೆ ಐದು ವರ್ಷದ ಹಿಂದೆ ಅವರ ಹಾರ್ಡ್ ಡಿಸ್ಕು ಕೆಟ್ಟು ಕೂತಿತ್ತು. ರಿಪೇರಿಯವನು ಫೋಟೊಗಳನ್ನೇನೋ ಬದುಕಿಸಿ ಕೊಟ್ಟ, ಹೆಸರುಗಳನ್ನು ಮಾತ್ರ ಕಳೆದ. ಯಾರ ಮದುವೆ, ಯಾವ ಊರು ಎಂದು ಬರೆದಿಟ್ಟಿದ್ದ ಫೋಲ್ಡರುಗಳೆಲ್ಲ ಮಾಯವಾಗಿ ಎರಡೂವರೆ ಲಕ್ಷ ಫೋಟೊ ಒಂದೇ ರಾಶಿಯಲ್ಲಿ ಬಿದ್ದವು. ತಾರೀಖಾದರೂ ಇದ್ದಿದ್ದರೆ ಆಗುತ್ತಿತ್ತು. ಕ್ಯಾಮೆರಾದಲ್ಲಿ ತಾರೀಖು ಸರಿ ಮಾಡಿಟ್ಟುಕೊಳ್ಳುವ ಅಭ್ಯಾಸ ಪಾಷಾ ಅವರಿಗೆ ಯಾವತ್ತೂ ಇರಲಿಲ್ಲ, ಎಲ್ಲರ ಮದುವೆಯೂ ಒಂದೇ ಜನವರಿ ಒಂದನೇ ತಾರೀಖು ನಡೆದಂತೆ ಅದರಲ್ಲಿ ದಾಖಲಾಗಿತ್ತು. ಈ ರಾಶಿಯಲ್ಲಿ ಹುಡುಕುವುದೆಂದರೆ ಒಂದೊಂದೇ ತೆರೆದು ನೋಡುವುದು. ಅದಕ್ಕೆ ಎಷ್ಟು ಮಾರ್ನಮಿ ಬೇಕೋ.

ಹೀಗೆಂದು ಕೈ ಚೆಲ್ಲಿ ಕಳಿಸಿಬಿಡುತ್ತಿದ್ದರೇನೋ, ಒಳಗಿನ ಕೋಣೆಯಿಂದ ಮಗಳು ಫಾಯಿಜಾ ಎದ್ದು ಬಂದಳು. ಮಂಡ್ಯದಲ್ಲಿ ಇಂಜಿನಿಯರಿಂಗ್ ಕೊನೇ ವರ್ಷ ಓದುತ್ತಿದ್ದ ಇವಳು ಅಪ್ಪನ ಈ ರಾಶಿಯನ್ನೇ ಪ್ರಾಜೆಕ್ಟ್ ಮಾಡಿಕೊಂಡು ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಂ ಕೂರಿಸಿದ್ದಳು. ಅದಕ್ಕೆ ಹೆಸರು, ಊರು, ತಾರೀಖು ಏನೂ ಬೇಡ. ಒಂದು ಚಿತ್ರ ತೋರಿಸಿದರೆ ಅದರ ಬಣ್ಣ, ಗೆರೆ, ಆಕಾರ ನೋಡಿಕೊಂಡು ಅದರಂಥವನ್ನು ರಾಶಿಯಿಂದ ಎತ್ತಿ ಮುಂದಿಡುತ್ತಿತ್ತು.

"ಇದಕ್ಕೆ ಓದೋಕೆ ಬರಲ್ಲ ಅಜ್ಜಿ" ಎಂದು ಫಾಯಿಜಾ ಹೇಳಿದಳು. "ನೋಡೋಕೆ ಬತ್ತದೆ ಅಷ್ಟೆ."

ತನಗೂ ಅಷ್ಟೇ ಬರುವುದು ಎಂದಳು ಅಂಕಮ್ಮ. ಈಗ ಅದೂ ಸರಿಯಾಗಿ ಬರುತ್ತಿಲ್ಲ ಎಂದೂ ಸೇರಿಸಿದಳು.

ತೋರಿಸುವುದಕ್ಕೆ ಅವ್ವನ ಚಿತ್ರವೇ ಇಲ್ಲದ ಮೇಲೆ ಏನನ್ನು ತೋರಿಸುವುದು? ಫಾಯಿಜಾ ಯೋಚಿಸಿ ಚಂದನಳನ್ನೇ ದೀಪದ ಕೆಳಗೆ ಕೂರಿಸಿ ಅವಳ ಮುಖದ ಫೋಟೊ ತೆಗೆದಳು. ಮಗಳ ಮುಖದಲ್ಲಿ ತಾಯಿಯ ಮುಖ ಸ್ವಲ್ಪವಾದರೂ ಇರುತ್ತದೆ ಎಂಬುದು ಅವಳ ಲೆಕ್ಕ. ಕಂಪ್ಯೂಟರು ಕಾಲು ಗಂಟೆ ಗುಂಯ್‌ಗುಟ್ಟಿ ಇಪ್ಪತ್ತು ಮುಖಗಳನ್ನು ಮುಂದಿಟ್ಟಿತು. ಬಹಳಷ್ಟು ಯಾರು ಯಾರೋ. ಒಬ್ಬ ಮೀಸೆ ಬಾರದ ಮದುಮಗನೂ ಇದ್ದ. ಒಂಬತ್ತನೆಯದು ಹಳದಿ ಸೀರೆಯ ಒಬ್ಬ ಹೆಂಗಸು. ಅದೇ ಮೂಗು, ಅದೇ ಗಲ್ಲ, ನಗುವಾಗ ಒಂದು ಕಡೆ ಮಾತ್ರ ಮೇಲೇಳುವ ಅದೇ ತುಟಿ. ಚಂದನ ಸ್ಟೂಲಿನಿಂದ ಎದ್ದು ನಿಂತುಬಿಟ್ಟಳು. ಅವಳ ಬಾಯಿಂದ ಅವ್ವ ಎಂಬ ಮಾತು ಹೊರಬಿತ್ತು, ಬಹಳ ಮೆಲ್ಲಗೆ.

ಅಂಕಮ್ಮ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ, ಒಳ್ಳೆಯ ಕಣ್ಣನ್ನು ಅದರ ಮೇಲಿಟ್ಟು ಬಹಳ ಹೊತ್ತು ನೋಡಿದಳು. ಕೊನೆಗೆ, ಇವಳು ಯಾರೋ, ನಮ್ಮವಳಲ್ಲ ಎಂದಳು. ನಿನಗೆ ಕಣ್ಣು ಕಾಣುವುದಿಲ್ಲ ಎಂದು ಚಂದನ ಒರಟಾಗಿ ಹೇಳಿದಳು. ಆ ಮುಖದಿಂದ ಕಣ್ಣು ತೆಗೆಯಲು ಅವಳಿಗೆ ಆಗುತ್ತಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಸಿಕ್ಕಿದ ಅವ್ವ, ಒಂದು ನಿಮಿಷಕ್ಕೇ ಬಿಟ್ಟುಕೊಡು ಎಂದರೆ ಹೇಗೆ?

"ಕಣ್ ಕಾಣ್ದಿದ್ರೂ ಅಷ್ಟು ಕಾಣ್ತದೆ ಕಣವ್ವ. ಹಣೆ ನೋಡು" ಎಂದಳು ಅಂಕಮ್ಮ. "ರೂಪಾಯಗಲ ಕುಂಕುಮ ಮಡಗವ್ಳೆ. ನೀ ಹುಟ್ಟೋ ವೊತ್ಗೇ ನಿಮ್ಮವ್ವನ ಹಣೆ ಬರಿದಾಗಿತ್ತು. ಸ್ವಾಮಿ ಮದ್ವೆ ಆಗಿದ್ದು ಆಮೇಲೆ."

ಚಂದನ ಕೂತಳು. ಕಣ್ಣಲ್ಲಿ ನೀರು ಬಂದದ್ದನ್ನು ದುಪಟ್ಟಾದ ತುದಿಯಲ್ಲಿ ಒರೆಸಿಕೊಂಡು ಅಜ್ಜಿಯ ಕೈ ಹಿಡಿದಳು. ಹಿಂದೆ ನಿಂತಿದ್ದ ಪಾಷಾ ಅವರಿಗೆ ಮಾತ್ರ ಆ ಮಾತು ಎಲ್ಲಿಗೋ ಹೋಗಿ ತಗುಲಿತು. ಗಂಡ ಸತ್ತವಳು ಎಂಬುದನ್ನು ಅವರು ಆಗಲೇ ಕೇಳಿದ್ದರು, ಆದರೆ ಕಸುಬಿನ ಕಿವಿಯಲ್ಲಿ ಕೇಳಿಸಿಕೊಂಡಿರಲಿಲ್ಲ. ಈಗ ಕೇಳಿಸಿತು. ಈ ಹುಡುಕಾಟದಲ್ಲಿ ಏನು ಸಿಗಬಹುದು ಎಂಬುದು ಉಳಿದ ಮೂವರಿಗಿಂತ ಮೊದಲು ಅವರಿಗೆ ಹೊಳೆಯಿತು. ಊಟದ ಹೊತ್ತಾಯಿತು, ಇನ್ನೊಂದು ದಿನ ನೋಡೋಣ ಎಂದರು. ಯಾರೂ ಏಳಲಿಲ್ಲ.

ಫಾಯಿಜಾಳ ಕಣ್ಣು ಅಂಕಮ್ಮನ ತೊಡೆಯ ಮೇಲಿದ್ದ ಸೀರೆಯ ಮೇಲೆ ಬಿದ್ದಿತ್ತು. ಮಗನ ಮದುವೆಗೆಂದೇ ಮಳವಳ್ಳಿ ಸಂತೆಬೀದಿಯಲ್ಲಿ ತೆಗೆದದ್ದು, ಮಗಳು ಆ ದಿನ ಉಟ್ಟಿದ್ದು ಇದನ್ನೇ ಎಂದು ಮುದುಕಿ ಹೇಳಿದಳು. ಮೇಜಿನ ಮೇಲೆ ಸೀರೆಯನ್ನು ಹರಡಿ, ಜೋಲಿ ಕಟ್ಟಿ ಕಟ್ಟಿ ನವೆದು ಮಾಸಿದ ಜಾಗ ಬಿಟ್ಟು, ಬಣ್ಣ ಉಳಿದಿದ್ದ ಸೆರಗಿನ ಕಡೆಯಿಂದ ಫಾಯಿಜಾ ಫೋಟೊ ತೆಗೆದು ಕಂಪ್ಯೂಟರಿಗೆ ಕೊಟ್ಟಳು.

ಮೊದಲು ಬಂದದ್ದು ನಿಜವಾದ ಈರುಳ್ಳಿ. ಯಾವುದೋ ಮದುವೆಯ ಅಡುಗೆ ಮನೆಯಲ್ಲಿ ಮೂಟೆ ಬಿಚ್ಚಿ ಸುರಿದ ಫೋಟೊ. ಆಮೇಲೆ ಬಂದದ್ದು ಶಾಮಿಯಾನದ ಬಟ್ಟೆ, ಒಬ್ಬರ ಬೋಳು ತಲೆ. ಅಂಕಮ್ಮ ಕೂಡ ನಕ್ಕಳು. ಫಾಯಿಜಾ ಬಣ್ಣ ಬಿಟ್ಟು ಕೋಟೆ ಅಂಚಿನ ಗೆರೆಯನ್ನೇ ನೋಡು ಎಂದು ಯಂತ್ರಕ್ಕೆ ತಿಳಿಯುವ ಹಾಗೆ ಏನೋ ಮಾಡಿದಳು. ಈ ಸಲ ಕಂಪ್ಯೂಟರು ಬೇಗ ಉತ್ತರ ಕೊಟ್ಟಿತು. ನಲವತ್ತೊಂದು ಫೋಟೊ. ಎಲ್ಲವೂ ಒಂದೇ ಮಂಟಪ, ಒಂದೇ ಚಪ್ಪರ. ಮಧ್ಯದಲ್ಲಿ ಬಾಸಿಂಗ ಕಟ್ಟಿಕೊಂಡು ಬೆವರುತ್ತಿರುವ ಸ್ವಾಮಿ.

ನಲವತ್ತೊಂದರಲ್ಲೂ ಆ ಸೀರೆ ಇತ್ತು. ಒಂದರಲ್ಲಿ ಕಂಬದ ಹಿಂದಿನಿಂದ ಇಣುಕುವ ಸೆರಗು. ಒಂದರಲ್ಲಿ ಫೋಟೊದ ಅಂಚಿಗೆ ಅರ್ಧ ಭುಜ. ಇನ್ನೊಂದರಲ್ಲಿ ತಟ್ಟೆ ಹಿಡಿದ ಒಂದು ಕೈ, ಮೊಣಕೈಯಿಂದ ಆಚೆಗೆ ಫೋಟೊವೇ ಮುಗಿದಿತ್ತು. ಅಕ್ಷತೆ ಹಾಕುವಾಗ ಎಲ್ಲರ ಹಿಂದೆ ಬರೀ ನೆರಿಗೆ. ಎಲ್ಲಿಯೂ ಮುಖವಿಲ್ಲ. ಚಂದನ ಒಂದೊಂದನ್ನೂ ದೊಡ್ಡದು ಮಾಡಿಸಿ ನೋಡುತ್ತಾ ಹೋದಳು. ತಟ್ಟೆ ಹಿಡಿದ ಕೈಯ ಹತ್ತಿರ ತನ್ನ ಕೈಯನ್ನು ಪರದೆಯ ಪಕ್ಕಕ್ಕೆ ಹಿಡಿದು, ಹೆಬ್ಬೆರಳು ಹಿಂಗೇ ಹಿಂದಕ್ಕೆ ಬಾಗುತ್ತದೆ ನೋಡಿ ಎಂದು ಫಾಯಿಜಾಗೆ ತೋರಿಸಿದಳು. ಅವ್ವನಿಂದ ಬಂದದ್ದು ಏನೋ ಒಂದಿದೆ ಎಂದು ಅವಳಿಗೆ ಗೊತ್ತಾದದ್ದು ಆಗಲೇ.

"ಅಬ್ಬಾ, ಇವರು ಯಾಕೆ ಎಲ್ಲದರಲ್ಲೂ ಆಚೆಗೇ ಇದ್ದಾರೆ?" ಎಂದು ಫಾಯಿಜಾ ಅಪ್ಪನನ್ನು ಕೇಳಿದಳು.

ಅದರ ಉತ್ತರವೇ ಪಾಷಾ ಅವರ ಕಸುಬಿನ ಗುಟ್ಟಾಗಿತ್ತು. ಮೂವತ್ತು ವರ್ಷದಲ್ಲಿ ಅವರ ಒಂದು ಆಲ್ಬಮ್ಮೂ ತಕರಾರು ಬಂದು ವಾಪಸ್ಸಾಗಿರಲಿಲ್ಲ. ಹಿಂದೂಗಳ ಮದುವೆಯಲ್ಲಿ ಯಾವ ಶಾಸ್ತ್ರಕ್ಕೆ ಯಾರು ನಿಲ್ಲಬೇಕು, ಯಾರು ನಿಲ್ಲಬಾರದು ಎಂಬುದು ಈ ಸಾಹೇಬರಿಗೆ ಐನೋರಿಗಿಂತ ಚೆನ್ನಾಗಿ ಗೊತ್ತು ಎಂದು ಜನ ಹೊಗಳುತ್ತಿದ್ದರು. ಅವರು ಯಾರ ಹೆಸರನ್ನೂ ಕೇಳುತ್ತಿರಲಿಲ್ಲ. ಕ್ಯಾಮೆರಾದ ಕಿಂಡಿಯಲ್ಲಿ ಹಣೆಗಳನ್ನು ಸಾಲಾಗಿ ನೋಡಿಕೊಂಡು ಹೋಗುತ್ತಿದ್ದರು. ಕುಂಕುಮವಿಲ್ಲದ ಹಣೆ ಕಂಡರೆ ಎಡಗೈಯನ್ನು ಸ್ವಲ್ಪವೇ ಆಡಿಸಿ, ಅಮ್ಮ ಒಂಚೂರು ಆಚೆಗೆ, ಎನ್ನುತ್ತಿದ್ದರು. ಅಷ್ಟು ಮೆಲ್ಲಗೆ ಹೇಳುತ್ತಿದ್ದರು ಎಂದರೆ ಪಕ್ಕದವರಿಗೂ ಕೇಳಿಸುತ್ತಿರಲಿಲ್ಲ. ಆ ನಾಜೂಕಿನ ಬಗ್ಗೆ ಅವರಿಗೆ ಹೆಮ್ಮೆಯೂ ಇತ್ತು. ಮಗಳು ಕಟ್ಟಿದ ಪ್ರೋಗ್ರಾಂ ಈಗ ಮಾಡುತ್ತಿರುವುದನ್ನು ಅವರು ಇಷ್ಟು ವರ್ಷ ತಾವೇ ಮಾಡಿದ್ದರು, ಹೆಸರಿಲ್ಲದೆ ಬರೀ ನೋಡಿ ವಿಂಗಡಿಸುವುದನ್ನು. ಯಂತ್ರ ಸೀರೆ ನೋಡಿ ಆ ಹೆಂಗಸನ್ನು ಒಳಗೆ ಕರೆಯಿತು, ಅವರು ಹಣೆ ನೋಡಿ ಹೊರಗೆ ಕಳಿಸಿದ್ದರು.

ಮೂವತ್ತೆಂಟನೆಯ ಫೋಟೊಗೆ ಬಂದಾಗ ಫಾಯಿಜಾಳ ಕೈ ನಿಂತಿತು. ಅದರಲ್ಲಿ ಸೀರೆ ಪೂರ್ತಿಯಾಗಿತ್ತು. ಚಪ್ಪರದ ಬಿಸಿಲಿನಲ್ಲಿ ಒಬ್ಬ ಹೆಂಗಸು ಬೆನ್ನು ತೋರಿಸಿ ನಿಂತಿದ್ದಳು. ಸೊಂಟಕ್ಕೆ ಇಳಿದ ಜಡೆ, ಜಡೆಯಲ್ಲಿ ಹೂವಿಲ್ಲ. ಅವಳ ಹೆಗಲ ಮೇಲಿನಿಂದ ಎರಡು ವರ್ಷದ ಮಗುವೊಂದು ಬಾಯಿ ತುಂಬಾ ಲಾಡು ತುಂಬಿಕೊಂಡು ನೇರ ಕ್ಯಾಮೆರಾದ ಕಡೆಗೆ ನಗುತ್ತಿತ್ತು.

"ಇದು ನಾನು" ಎಂದಳು ಚಂದನ.

ಅಂಕಮ್ಮ ಮತ್ತೆ ಪರದೆಗೆ ಮುಖ ತಂದಳು. ಈ ಸಲ ಬಹಳ ಹೊತ್ತು ನೋಡಲಿಲ್ಲ. ಪರದೆಯ ಮೇಲಿನ ಆ ಬೆನ್ನಿನ ಉದ್ದಕ್ಕೂ ಜಡೆಯ ಜಾಡು ಹಿಡಿದು ಬೆರಳಾಡಿಸಿದಳು.

"ಇವ್ಳೇ ಕಣವ್ವ. ಈ ಜಡೆ ನಾನೇ ಎಣ್ದಿದ್ದು ಆವತ್ತು. ಮದ್ವೆ ಮನೆ, ಚೂರು ಹೂವ ಮುಡ್ಕೊ ಅಂದೆ. ಯಾರಾರ ಏನಾರ ಅಂತಾರೆ ಬುಡವ್ವ ಅಂದ್ಳು." ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ಚಂದನ ಅಳಲಿಲ್ಲ. ಇದರ ಮುಂದಿನದು ತೋರಿಸಿ ಎಂದಳು. ತಿರುಗಿರುತ್ತಾಳೆ, ಮುಂದಿನದರಲ್ಲಿ ತಿರುಗಿರಲೇಬೇಕು ಎಂದಳು. ಫೋಟೊಗಳ ಹೆಸರು ಹೋಗಿದ್ದರೂ ಕ್ಯಾಮೆರಾ ತನ್ನ ಪಾಡಿಗೆ ಕೊಟ್ಟ ಸಾಲು ಸಂಖ್ಯೆ ಒಳಗೆ ಉಳಿದಿರುತ್ತದೆ. ಫಾಯಿಜಾ ತೆಗೆದು ನೋಡಿದಳು. ಮಗುವಿನ ಫೋಟೊ ನಾಲ್ಕು ಸಾವಿರದ ನಾನ್ನೂರ ಹದಿನೇಳು. ರಾಶಿಯಲ್ಲಿ ಅದರ ಮುಂದಿನದು ನಾನ್ನೂರ ಹತ್ತೊಂಬತ್ತು, ಅದರಲ್ಲಿ ಗಂಡಿನ ಕಡೆಯವರು ಸಾಲಾಗಿ ಊಟಕ್ಕೆ ಕೂತಿದ್ದರು. ಹದಿನೆಂಟು ಇರಲಿಲ್ಲ. ಡಿಸ್ಕು ಕೆಟ್ಟಾಗ ಹೋಗಿರಬೇಕು ಎಂದು ಫಾಯಿಜಾ ಸಮಾಧಾನ ಹೇಳಹೊರಟಳು.

ಆ ಸಮಾಧಾನದ ಹಿಂದೆ ಪಾಷಾ ಅವಿತುಕೊಳ್ಳಬಹುದಿತ್ತು. ಯಾರೂ ಅವರನ್ನು ಏನೂ ಕೇಳಿರಲಿಲ್ಲ. ಆದರೆ ಮಗುವಿನ ಬಾಯಿಯ ಲಾಡು ನೋಡಿದಾಗಲೇ ಅವರಿಗೆ ಆ ದಿನವೆಲ್ಲ ಒಂದೇ ಸಲ ನೆನಪಿಗೆ ಬಂದಿತ್ತು.

"ಡಿಸ್ಕಲ್ಲಿ ಓಗಿದ್ದಲ್ಲ ಕಣಮ್ಮ" ಎಂದರು. "ನಾನೇ ಅಳಿಸ್ದೆ."

ಆಮೇಲೆ ನಿಂತುಕೊಂಡೇ ಹೇಳಿದರು. ಮಗು ಮುದ್ದಾಗಿತ್ತು, ಅದರದ್ದೊಂದು ಫೋಟೊ ತೆಗೆಯೋಣ ಅನ್ನಿಸಿತು. ಎತ್ತಿಕೊಂಡಿದ್ದವಳ ಹಣೆಯಲ್ಲಿ ಏನೂ ಕಾಣಲಿಲ್ಲ. ಅದಕ್ಕೆ, ನೀವು ಆ ಕಡೆ ತಿರುಗಿಕೊಳ್ಳಿ, ಮಗು ಈ ಕಡೆ ಬರಲಿ ಎಂದರು. ಅವಳು ಒಂದು ಮಾತೂ ಆಡದೆ ತಿರುಗಿದಳು. ಫೋಟೊ ಹೊಡೆದರು. ಆಯ್ತಾ ಎಂದು ಕೇಳುತ್ತಾ ಅವಳು ತಿರುಗಿ ನೋಡಿದಳು, ಅವರ ಬೆರಳು ಗುಂಡಿಯ ಮೇಲೇ ಇತ್ತು, ಇನ್ನೊಂದು ಫೋಟೊ ಬಿತ್ತು. ಊಟದ ಹೊತ್ತಿನಲ್ಲಿ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಅದನ್ನು ಮತ್ತೆ ತೆರೆದರು. ವಯಸ್ಸು ಬಹಳ ಚಿಕ್ಕದು, ಒಂದು ವೇಳೆ ಸಣ್ಣ ಬೊಟ್ಟು ಏನಾದರೂ ಇದ್ದು ತಾವೇ ತಪ್ಪು ತಿಳಿದಿರಬಹುದೇ ಎಂಬ ಅನುಮಾನ. ದೊಡ್ಡದು ಮಾಡಿ, ಇನ್ನೂ ದೊಡ್ಡದು ಮಾಡಿ, ಹಣೆಯೊಂದೇ ಪರದೆ ತುಂಬುವ ಹಾಗೆ ಮಾಡಿ ನೋಡಿದರು. ಏನೂ ಇರಲಿಲ್ಲ. ಆಲ್ಬಮ್ಮಿಗೆ ಬಾರದ ಫೋಟೊವನ್ನೂ ಉಳಿಸಿಕೊಳ್ಳುವವರು ಅವರು. ಆದರೆ ಮದುವೆಯ ರಾಶಿಯಲ್ಲಿ ಬರಿ ಹಣೆಯ ಮುಖ ನೇರವಾಗಿ ಬಿದ್ದಿದ್ದರೆ ಆಲ್ಬಮ್ಮಿಗೆ ಆರಿಸಲು ಬಂದವರು ಯಾರಾದರೂ ಕೇಳುತ್ತಾರೆ ಎಂದು ಅದೊಂದನ್ನು ಅಳಿಸಿದರು.

ಫಾಯಿಜಾ ಅಪ್ಪನ ಮುಖ ನೋಡದೆ ಕೀಬೋರ್ಡು ನೋಡುತ್ತಿದ್ದಳು. ಕೆಳಗೆ ಕೊಳ್ಳೇಗಾಲದ ಬಸ್ಸಿನ ಕಂಡಕ್ಟರು ಊರುಗಳ ಹೆಸರು ಕೂಗುತ್ತಿದ್ದ.

"ಅವ್ವ ನಗ್ತಿದ್ಲಾ ಅದರಲ್ಲಿ?" ಎಂದು ಚಂದನ ಕೇಳಿದಳು.

ಹೌದು ಎನ್ನಬಹುದಿತ್ತು. ಆ ಒಂದು ಮಾತಿನಿಂದ ಈ ಹುಡುಗಿ ಜೀವಮಾನವೆಲ್ಲ ನಗುವ ಅವ್ವನನ್ನು ಇಟ್ಟುಕೊಳ್ಳುತ್ತಿದ್ದಳು. ಪಾಷಾ ಕಣ್ಣು ಮುಚ್ಚಿ ಹುಡುಕಿದರು. ಮಗು ಸಿಕ್ಕಿತು, ಲಾಡು ಸಿಕ್ಕಿತು, ಜಡೆ ಸಿಕ್ಕಿತು. ಆ ಮುಖವನ್ನು ಅಷ್ಟು ಹತ್ತಿರದಿಂದ, ಅಷ್ಟು ದೊಡ್ಡದು ಮಾಡಿ ನೋಡಿದವರು ಲೋಕದಲ್ಲಿ ಅವರೊಬ್ಬರೇ, ಆದರೂ ಕಣ್ಣು, ಮೂಗು, ಬಾಯಿ ಒಂದೂ ಸಿಗಲಿಲ್ಲ. ಅವನ್ನು ಅವರು ನೋಡಿಯೇ ಇರಲಿಲ್ಲ.

"ಸುಳ್ಳು ಯೋಳಕಾಗಲ್ಲ ಕಣಮ್ಮ. ನಂಗೆ ನಿಮ್ಮವ್ವನ ಹಣೆ ನೆಪ್ಪಿದೆ. ಮುಖ ನೆಪ್ಪಿಲ್ಲ."

ಬೈಗುಳಕ್ಕೆ ಅವರು ಸಿದ್ಧರಾಗಿ ನಿಂತರು. ಬೈದರೆ ಹಗುರವಾಗುತ್ತಿತ್ತು. ಚಂದನ ಬೈಯಲಿಲ್ಲ. ಪರದೆಯಲ್ಲಿ ತನ್ನನ್ನೇ ನೋಡಿ ನಗುತ್ತಿದ್ದ ಆ ಮಗುವನ್ನು, ಅದನ್ನು ಎತ್ತಿಕೊಂಡ ಬೆನ್ನನ್ನು ನೋಡಿದಳು. ಆಮೇಲೆ ಇದನ್ನೇ ದೊಡ್ಡದಾಗಿ ಮಾಡಿಕೊಡಿ, ಫ್ರೇಮ್ ಹಾಕಿಸಿ ಎಡೆಗೆ ಇಡುತ್ತೇನೆ ಎಂದಳು. ಸ್ಟೂಲನ್ನು ಪಾಷಾ ಅವರ ಕಡೆ ತಿರುಗಿಸಿಕೊಂಡಳು.

"ಹಣೆ ಹೆಂಗಿತ್ತು ಸರ್?" ಎಂದಳು. "ಅಷ್ಟಾದ್ರೂ ಹೇಳಿ."

ಪಾಷಾ ಅವಳ ಎದುರು ನೆಲದ ಮೇಲೇ ಕೂತರು. ಅಗಲವಾಗಿತ್ತು ಎಂದು ಶುರು ಮಾಡಿದರು. ಕೂದಲು ಹಣೆಯ ನಡುವೆ ಚೂಪಾಗಿ ಕೆಳಗಿಳಿದಿತ್ತು. ಎರಡೂ ಕಡೆ ಸಣ್ಣ ಸಣ್ಣ ಗುಂಗುರು, ಬೆವರಿಗೆ ಅಂಟಿಕೊಂಡಿದ್ದವು. ಹುಬ್ಬುಗಳ ನಡುವೆ ಸ್ವಲ್ಪ ಮೇಲೆ ಒಂದು ಕಾಸಿನಗಲ ಜಾಗದಲ್ಲಿ ಚರ್ಮ ಉಳಿದ ಕಡೆಗಿಂತ ತುಸು ಬೆಳ್ಳಗಿತ್ತು, ಎಷ್ಟೋ ವರ್ಷ ಕುಂಕುಮ ಇಟ್ಟು ನಿಲ್ಲಿಸಿದ ಜಾಗ. ಎಡಗಡೆ ಹುಬ್ಬಿನ ಮೇಲೆ ಮೆಣಸಿನ ಕಾಳಿನಷ್ಟು ಒಂದು ಗುಳಿ. ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಳೇನೋ, ಅಡ್ಡಕ್ಕೆ ಎರಡು ಸಣ್ಣ ಗೆರೆ ಬಿದ್ದಿದ್ದವು.

"ಆ ಗುಳಿ ಮೈಮ್ಯಾಲೆ ಅಮ್ಮ ಎದ್ದಿತ್ತಲ್ಲ ಆವಾಗಿಂದು" ಎಂದಳು ಅಂಕಮ್ಮ ಸೆರಗಿನೊಳಗಿನಿಂದ. "ಏಳ್ನೇ ವರ್ಸ. ಕೆರ್ಕೋಬ್ಯಾಡ ಅಂದ್ರೂ ಕೆರ್ಕೊಂಡ್ಳು. ನಂಗೇ ಮರ್ತೋಗಿತ್ತು."

ಚಂದನ ಕಣ್ಣು ಮುಚ್ಚಿಕೊಂಡು, ತನ್ನ ಎಡ ಹುಬ್ಬಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಳು. ಈಗ ಅವಳ ಮುಚ್ಚಿದ ಕಣ್ಣಿಂದ ನೀರು ಇಳಿಯುತ್ತಿತ್ತು, ಅದನ್ನು ಅವಳು ಒರೆಸಿಕೊಳ್ಳಲಿಲ್ಲ.

"ಇನ್ನೊಂದ್ ಸಲ ಹೇಳಿ ಸರ್" ಎಂದಳು. "ನಿಧಾನಕ್ಕೆ."

ಪಾಷಾ ಮತ್ತೆ ಕೂದಲಿನಿಂದ ಶುರು ಮಾಡಿದರು.